ರಾಗಿ ಬನ್ನಿನ ಹಿಂದಿನ ಲೆಕ್ಕ: ಫಾಸ್ಟ್‌ಫುಡ್ ಕಂಪನಿಗಳಿಗೆ ಆರೋಗ್ಯದ ಚಿಂತೆ ಏಕೆ?

2024ರ ಸೆಪ್ಟೆಂಬರ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ಪಶ್ಚಿಮ ಹಾಗೂ ದಕ್ಷಿಣ ಭಾರತದ ತನ್ನ ಮಳಿಗೆಗಳಲ್ಲಿ ಸಿರಿಧಾನ್ಯದ ಬನ್ನನ್ನು ಮಾರಾಟಕ್ಕೆ ತಂದಿತು. ರಾಗಿ, ಸಜ್ಜೆ, ಜೋಳ, ಬರಗು, ಹಾರಕ ಎಂಬ ಐದು ಧಾನ್ಯಗಳನ್ನು ಬೆರೆಸಿದ ಈ ಬನ್ನನ್ನು ರೂಪಿಸುವಲ್ಲಿ ಜೊತೆಗೂಡಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಮ್ಮ ಜನ ಸಿಎಫ್‌ಟಿಆರ್‌ಐ ಎಂದು ಕರೆಯುವ ಸರ್ಕಾರಿ ಸಂಸ್ಥೆ. ಮರುವರ್ಷ ಜುಲೈಯಲ್ಲಿ ಅದೇ ಸಂಸ್ಥೆಯ ಸಹಯೋಗದಲ್ಲಿ ಬರ್ಗರಿನೊಳಗೆ ಇಡುವ ಸಸ್ಯಜನ್ಯ ಪ್ರೋಟೀನಿನ ಹಾಳೆಯೂ ಬಂದಿತು. ಒಂದು ಹಾಳೆಯಲ್ಲಿ 5 ಗ್ರಾಂ ಪ್ರೋಟೀನು. ಬೇಕೆಂದವರು ಬರ್ಗರಿನ ಬೆಲೆಯ ಮೇಲೆ ಪ್ರತ್ಯೇಕ ಹಣ ತೆರಬೇಕು.

ತಾಳವಾಡಿಯ ಬೆಟ್ಟದ ಮೇಲೆ ಇಂತಹ ಮಳಿಗೆ ಒಂದೂ ಇಲ್ಲ. ಹಾಗಿದ್ದರೆ ಈ ಸುದ್ದಿ ನಮಗೇಕೆ ಎಂದು ಪೋಷಕರು ಕೇಳಬಹುದು. ಎರಡು ಕಾರಣಗಳಿಂದ ಇದು ನಮ್ಮ ಸುದ್ದಿಯೇ ಆಗಿದೆ. ಮೊದಲನೆಯದಾಗಿ, ಆ ಬನ್ನಿಗೆ ಹೆಸರು ತಂದುಕೊಟ್ಟ ರಾಗಿಯು ನಮ್ಮ ಹೊಲದ ಬೆಳೆ. ಆನೆ ಕಾವಲಿಗಾಗಿ ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ನಮ್ಮ ರೈತರ ಬೆವರಿನ ಫಲ. ಎರಡನೆಯದಾಗಿ, ಮೈಸೂರು ಮತ್ತು ಕೊಯಮತ್ತೂರಿನ ಮಳಿಗೆಗಳಲ್ಲಿ ‘ಆರೋಗ್ಯ’ವನ್ನು ಮಾರುವ ವ್ಯಾಪಾರ ತರ್ಕವೇ ನಮ್ಮ ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಗೆ ಐದು ರೂಪಾಯಿಯ ಪೊಟ್ಟಣವನ್ನು ಕಳುಹಿಸುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಕಂಪನಿಗಳ ಆರೋಗ್ಯಪ್ರೀತಿಯ ನಿಜವಾದ ಅರ್ಥ ತಿಳಿಯುತ್ತದೆ.

ಸಲಾಡ್ ಬಂದು ಹೋದ ಕಥೆ

ಫಾಸ್ಟ್‌ಫುಡ್ ಕಂಪನಿಗಳು ಆರೋಗ್ಯದ ಮಾತನಾಡಲು ತೊಡಗಿದ್ದು ಇಂದು ನಿನ್ನೆಯಲ್ಲ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1987ರಲ್ಲಿಯೇ ಹಸಿ ತರಕಾರಿಯ ಸಲಾಡನ್ನು ತನ್ನ ಮೆನುವಿನಲ್ಲಿ ಸೇರಿಸಿತು. 1991ರಲ್ಲಿ ಕೊಬ್ಬು ಕಡಿಮೆಯಿರುವ ‘ಮೆಕ್‌ಲೀನ್’ ಎಂಬ ಬರ್ಗರನ್ನು ತಂದಿತು. ಕೊಬ್ಬಿನ ಬದಲಿಗೆ ಕಡಲ ಪಾಚಿಯಿಂದ ತೆಗೆದ ಅಂಟುಪದಾರ್ಥವನ್ನೂ ನೀರನ್ನೂ ಬಳಸಿದ್ದ ಆ ಬರ್ಗರನ್ನು ಜನ ಕೊಳ್ಳಲಿಲ್ಲ. 1996ರಲ್ಲಿ ಅದನ್ನು ಹಿಂತೆಗೆಯಲಾಯಿತು. 2013ರಲ್ಲಿ ಕಂಪನಿಯ ಅಂದಿನ ಮುಖ್ಯಸ್ಥ ಡಾನ್ ಥಾಂಪ್ಸನ್ ಅವರೇ, ಅಮೆರಿಕದ ಮಾರಾಟದಲ್ಲಿ ಸಲಾಡಿನ ಪಾಲು ಶೇ. 2ರಿಂದ 3 ಮಾತ್ರ ಎಂದು ಬಹಿರಂಗವಾಗಿ ಹೇಳಿದರು. 2020ರಲ್ಲಿ ಕೊರೊನಾ ಕಾಲದಲ್ಲಿ ಮೆನುವನ್ನು ಚಿಕ್ಕದಾಗಿಸಿದಾಗ ಸಲಾಡ್ ಮರೆಯಾಯಿತು.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ನೂರು ರೂಪಾಯಿ ಮಾರಾಟದಲ್ಲಿ ಎರಡು ಮೂರು ರೂಪಾಯಿಯನ್ನಷ್ಟೇ ತರುವ ಪದಾರ್ಥವನ್ನು, ಬೇಗ ಬಾಡಿಹೋಗುವ ಸೊಪ್ಪನ್ನು, ಮೂವತ್ತು ವರ್ಷಗಳಿಗೂ ಮಿಗಿಲಾಗಿ ಏಕೆ ಇಟ್ಟುಕೊಂಡರು? ನಷ್ಟದ ಸರಕನ್ನು ಅಷ್ಟು ಕಾಲ ಹೊರುವ ವ್ಯಾಪಾರಿ ಲೋಕದಲ್ಲಿಲ್ಲ. ಸಲಾಡಿನ ಲಾಭವು ಸಲಾಡಿನ ಮಾರಾಟದಲ್ಲಿ ಇರಲಿಲ್ಲ. ಅದು ಬೇರೆಡೆ ಇತ್ತು.

ಮಾರಾಟವಾಗದ ಸರಕಿನಿಂದ ಲಾಭ

ಲಾಭ ಬರುವ ದಾರಿಗಳು ನಾಲ್ಕು.

ಮೊದಲನೆಯದು, ಮನೆಮಂದಿಯನ್ನೆಲ್ಲ ಒಳಗೆ ಕರೆತರುವುದು. ಐವರ ಕುಟುಂಬವೊಂದು ಹೊರಗೆ ಊಟಕ್ಕೆ ಹೊರಟಾಗ, ಸಕ್ಕರೆ ಕಾಯಿಲೆಯ ಅಜ್ಜನೋ ತೂಕದ ಬಗ್ಗೆ ಚಿಂತಿಸುವ ತಾಯಿಯೋ ‘ಅಲ್ಲಿ ನಾನು ತಿನ್ನುವಂಥದ್ದು ಏನೂ ಇಲ್ಲ’ ಎಂದರೆ ಐವರೂ ಬೇರೆ ಹೋಟೆಲಿಗೆ ಹೋಗುತ್ತಾರೆ. ಈ ಒಬ್ಬರ ನಿರಾಕರಣೆಯನ್ನು ಆ ಉದ್ಯಮದವರು ಬಹುಕಾಲದಿಂದ ಲೆಕ್ಕಹಾಕುತ್ತಾ ಬಂದಿದ್ದಾರೆ. ಆ ಒಬ್ಬರಿಗಾಗಿ ಮೆನುವಿನಲ್ಲಿ ಒಂದು ಸಾಲು ಸೇರಿಸಿದರೆ ಉಳಿದ ನಾಲ್ವರ ಬರ್ಗರು, ಕರಿದ ಆಲೂಗಡ್ಡೆ ಮತ್ತು ತಂಪುಪಾನೀಯದ ಮಾರಾಟ ಕೈತಪ್ಪುವುದಿಲ್ಲ.

ಎರಡನೆಯದು ಮನಸ್ಸಿಗೆ ಸಂಬಂಧಿಸಿದ್ದು. 2009ರಲ್ಲಿ ಕೀತ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಗ್ರಾಹಕ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನವು ವಿಚಿತ್ರವಾದ ಸಂಗತಿಯನ್ನು ತೋರಿಸಿತು. ಮೆನುವಿನಲ್ಲಿ ಆರೋಗ್ಯಕರವಾದ ಒಂದು ತಿನಿಸನ್ನು ಸೇರಿಸಿದಾಗ, ಕೆಲವರು ಅದನ್ನು ಆರಿಸುವ ಬದಲು ಅತ್ಯಂತ ಅನಾರೋಗ್ಯಕರವಾದುದನ್ನೇ ಮೊದಲಿಗಿಂತ ಹೆಚ್ಚಾಗಿ ಆರಿಸಿದರು. ತಮ್ಮ ಮೇಲೆ ತಮಗೆ ಬಹಳ ಹಿಡಿತವಿದೆ ಎನ್ನುವವರಲ್ಲಿಯೇ ಇದು ಎದ್ದು ಕಂಡಿತು. ‘ಬೇಕಿದ್ದರೆ ಒಳ್ಳೆಯದನ್ನು ತಿನ್ನಬಹುದಿತ್ತು’ ಎಂಬ ಸಮಾಧಾನವೇ ಅವರಿಗೆ ಸಾಕಾಯಿತು. ಓದದಿದ್ದರೂ ಪುಸ್ತಕ ಕೊಂಡ ವಿದ್ಯಾರ್ಥಿಗೆ ಓದಿದಷ್ಟೇ ನೆಮ್ಮದಿಯಾಗುವುದನ್ನು ಶಿಕ್ಷಕರಾದ ನಾವು ಬಲ್ಲೆವು, ಇದೂ ಅಂಥದ್ದೇ.

ಮೂರನೆಯದು ನೇರವಾದ ಬೆಲೆಯ ಲಾಭ. ‘ಸಿರಿಧಾನ್ಯ’, ‘ಪ್ರೋಟೀನ್’ ಎಂಬ ಮಾತುಗಳು ಹೆಚ್ಚುವರಿ ಬೆಲೆಯನ್ನು ನ್ಯಾಯವೆನಿಸುವಂತೆ ಮಾಡುತ್ತವೆ. ಆರೋಗ್ಯ ಎಂಬುದು ಪದಾರ್ಥದ ಗುಣವಾಗುವ ಬದಲು ಬೆಲೆಪಟ್ಟಿಯ ಮತ್ತೊಂದು ಸಾಲಾಗುತ್ತದೆ.

ನಾಲ್ಕನೆಯದು ಮತ್ತು ಬಹುಶಃ ಅತಿ ದೊಡ್ಡದು, ಕಾನೂನನ್ನು ದೂರವಿಡುವುದು. ‘ನಾವೇ ಸ್ವಯಂಪ್ರೇರಣೆಯಿಂದ ಸುಧಾರಿಸುತ್ತಿದ್ದೇವೆ, ಆಯ್ಕೆ ಗ್ರಾಹಕನಿಗೆ ಬಿಟ್ಟದ್ದು’ ಎಂದು ಉದ್ಯಮವು ಹೇಳಲು ಸಾಧ್ಯವಾದರೆ, ತೆರಿಗೆ, ಎಚ್ಚರಿಕೆ ಚಿಹ್ನೆ, ಜಾಹೀರಾತು ನಿರ್ಬಂಧಗಳ ಬೇಡಿಕೆ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ. ಒಂದು ಬನ್ನಿನ ವೆಚ್ಚದಲ್ಲಿ ಇಡೀ ಮೆನುವಿಗೆ ರಕ್ಷಣೆ ದೊರೆಯುತ್ತದೆ.

ಒಂದು ಬನ್ನಿಗೆ ಎಷ್ಟು ರಾಗಿ?

ರೈತರ ಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋವೊಂದಕ್ಕೆ 48 ರೂಪಾಯಿ 86 ಪೈಸೆ. ಅದೇ ಸಾಲಿನಲ್ಲಿ ಸಂಕರ ಜೋಳಕ್ಕೆ 3,699, ಸಜ್ಜೆಗೆ 2,775 ರೂಪಾಯಿ. ಮೂರರಲ್ಲಿ ರಾಗಿಯದೇ ಹೆಚ್ಚು. ಈಗ ಬನ್ನೊಂದರ ತೂಕ 60 ಗ್ರಾಂ ಎಂದುಕೊಳ್ಳೋಣ. ಅದರಲ್ಲಿ ಅರ್ಧದಷ್ಟು ರಾಗಿಯೇ ಇದೆಯೆಂದು ಬಹಳ ಉದಾರವಾಗಿ ಭಾವಿಸೋಣ. 30 ಗ್ರಾಂ ರಾಗಿಗೆ ರೈತನಿಗೆ ಸಲ್ಲುವುದು 1 ರೂಪಾಯಿ 47 ಪೈಸೆ. ಬೀಸುವಿಕೆ, ಸಾಗಣೆ, ಬೇಕರಿಯ ಖರ್ಚುಗಳೆಲ್ಲ ಇವೆ, ನಿಜ. ಆದರೂ ‘ಸಿರಿಧಾನ್ಯ’ ಎಂಬ ಹೆಸರಿಗೆ ಪೇಟೆಯಲ್ಲಿ ದೊರೆಯುವ ಬೆಲೆಗೂ ಹೊಲದಲ್ಲಿ ದೊರೆಯುವ ಬೆಲೆಗೂ ನಡುವಿನ ಅಂತರ ಎಷ್ಟೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಹೆಸರಿಗೂ ಹೂರಣಕ್ಕೂ ಇರಬೇಕಾದ ಸಂಬಂಧದ ವಿಷಯದಲ್ಲಿ ಸರ್ಕಾರದ್ದೇ ಒಂದು ಅಳತೆಗೋಲು ಇದೆ. 2023ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು ಸಿರಿಧಾನ್ಯದ ಪುಡಿಗಳಿಗೆ ತೆರಿಗೆ ರಿಯಾಯಿತಿ ಕೊಟ್ಟಾಗ, ತೂಕದಲ್ಲಿ ಕನಿಷ್ಠ ಶೇ. 70ರಷ್ಟು ಸಿರಿಧಾನ್ಯ ಇರಬೇಕೆಂಬ ಷರತ್ತು ಹಾಕಿತು. ರಾಗಿ ಬಿಸ್ಕತ್ತು, ರಾಗಿ ಚಿಪ್ಸು, ರಾಗಿ ನೂಡಲ್ಸು ಎಂದು ಹೆಸರಿಟ್ಟುಕೊಂಡು ಬರುವ ಪ್ರತಿಯೊಂದು ಪೊಟ್ಟಣದ ಮುಂದೆಯೂ ಈ ಎಪ್ಪತ್ತರ ಅಳತೆಗೋಲನ್ನು ನಾವು ಹಿಡಿಯಬಹುದು. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಬರೆಯಬೇಕೆಂಬುದು ಕಾನೂನು. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆಎಣ್ಣೆ ಆಗಿದ್ದು ರಾಗಿ ಅನಂತರ ಬಂದಿದ್ದರೆ, ಅದು ಮೈದಾ ಬಿಸ್ಕತ್ತೇ ಹೊರತು ರಾಗಿ ಬಿಸ್ಕತ್ತಲ್ಲ.

ರಾಗಿಯ ಗುಣದ ಬಗ್ಗೆ ಸಂಶಯವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವೂ 11 ಗ್ರಾಮಿಗಿಂತ ಹೆಚ್ಚು ನಾರೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಣ್ಣದಂಶ 10 ಮಿಲಿಗ್ರಾಮೂ ಇಲ್ಲ. ಆದರೆ ಈ ಗುಣವೆಲ್ಲ ತಟ್ಟೆಯ ತುಂಬ ಹಿಟ್ಟನ್ನೂ ಉಪ್ಸಾರನ್ನೂ ಉಣ್ಣುವವನಿಗೆ ದೊರೆಯುವಂಥದ್ದು. ಬನ್ನಿನ ಒಳಗೆ ಕರಿದ ತುಂಡು, ಮೇಲೆ ಚೀಸು, ಪಕ್ಕದಲ್ಲಿ ಉಪ್ಪು ಉದುರಿಸಿದ ಆಲೂಗಡ್ಡೆ, ಕೈಯಲ್ಲಿ ಸಕ್ಕರೆ ನೀರು ಇರುವಾಗ ಬನ್ನಿನ ಹಿಟ್ಟನ್ನಷ್ಟೇ ಬದಲಿಸಿದರೆ ಊಟದ ಸ್ವರೂಪ ಬದಲಾಗದು.

ಸಿಎಫ್‌ಟಿಆರ್‌ಐ ಕುರಿತು ಒಂದು ಮಾತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಈ ಸಂಸ್ಥೆಯು ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದು ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘದ ಅಮುಲ್‌ಗೆ ನೀಡಿದ ಕೀರ್ತಿಯುಳ್ಳದ್ದು. ಅಂತಹ ಸಂಸ್ಥೆ ಖಾಸಗಿ ಕಂಪನಿಯೊಡನೆ ದುಡಿಯುವುದೇ ತಪ್ಪೆಂದು ಹೇಳಲಾಗದು. ಸಾರ್ವಜನಿಕ ಹಣದಿಂದ ಬೆಳೆದ ಜ್ಞಾನವು ಬಹುರಾಷ್ಟ್ರೀಯ ಮಳಿಗೆಯನ್ನು ಎಷ್ಟು ಬೇಗ ತಲುಪುತ್ತದೆಯೋ ಅಷ್ಟೇ ಬೇಗ ತಾಳವಾಡಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನೂ ತಲುಪುವಂತಾಗಬೇಕು ಎಂಬುದಷ್ಟೇ ನಮ್ಮ ಅಪೇಕ್ಷೆ.

ಬೆಟ್ಟ ಹತ್ತುವುದು ಐದು ರೂಪಾಯಿಯ ಪೊಟ್ಟಣ

ಈಗ ನಮ್ಮೂರಿನ ಕಡೆಗೆ ಬರೋಣ. ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಸತ್ಯಮಂಗಲದ ಕಡೆಯಿಂದಲೋ, ಗಡಿ ದಾಟಿ ಚಾಮರಾಜನಗರದ ಕಡೆಯಿಂದಲೋ ಬರುವ ಸರಕಿನ ಗಾಡಿಗಳಲ್ಲಿ ಸಿರಿಧಾನ್ಯದ ಬನ್ನು ಇರುವುದಿಲ್ಲ. ಇರುವುದು ಎರಡು, ಐದು, ಹತ್ತು ರೂಪಾಯಿಯ ಸರಗಳು: ಚಿಪ್ಸು, ಕುರುಕಲು, ಕ್ರೀಮು ಬಿಸ್ಕತ್ತು, ಬಣ್ಣದ ಪಾನೀಯ. ಕಂಪನಿಗಳ ಆರೋಗ್ಯ ಸುಧಾರಣೆಯು ಏಕೆ ಈ ಪೊಟ್ಟಣಗಳನ್ನು ಕೊನೆಯಲ್ಲಿ ಮುಟ್ಟುತ್ತದೆ ಎಂಬುದಕ್ಕೂ ಕಾರಣ ಲಾಭದ ಲೆಕ್ಕವೇ. ಐದು ರೂಪಾಯಿ ಎಂಬ ನಾಣ್ಯದ ಬೆಲೆಯನ್ನು ಏರಿಸಿದರೆ ಮಗು ಕೊಳ್ಳುವುದಿಲ್ಲ. ಬೆಲೆ ಕದಲದಿರುವಾಗ ಅಗ್ಗದ ಎಣ್ಣೆ, ಅಗ್ಗದ ಹಿಟ್ಟು, ಕಡಿಮೆ ತೂಕ ಇವುಗಳಿಂದಲೇ ಲಾಭವನ್ನು ಹೊರಡಿಸಬೇಕು. ಅಮೆರಿಕದಲ್ಲಿ ಸೂರ್ಯಕಾಂತಿ, ಮೆಕ್ಕೆಜೋಳದಂತಹ ಎಣ್ಣೆಗಳಲ್ಲಿ ಕರಿಯುವ ಲೇಸ್ ಚಿಪ್ಸನ್ನು ಭಾರತದಲ್ಲಿ ತಾಳೆಎಣ್ಣೆಯಲ್ಲಿ ಕರಿಯುತ್ತಾರೆಂಬ ಟೀಕೆ ಬಂದ ಬಳಿಕ, ಮಿಶ್ರ ಎಣ್ಣೆಯ ಪ್ರಯೋಗ ಆರಂಭವಾಗಿರುವುದನ್ನು ಪೆಪ್ಸಿಕೋ ಕಂಪನಿ 2024ರಲ್ಲಿ ತಿಳಿಸಿತು.

ಅಗ್ಗವೆಂದು ನಾವು ಭಾವಿಸುವ ಈ ಪೊಟ್ಟಣ ನಿಜವಾಗಿ ಅಗ್ಗವೂ ಅಲ್ಲ. ಮನೆಗೆ ಬಂದ ಐದು ರೂಪಾಯಿಯ ಪೊಟ್ಟಣದ ಹಿಂದೆ ನಿವ್ವಳ ತೂಕವನ್ನು ನೋಡಿ, ಮಗುವಿನಿಂದಲೇ ಲೆಕ್ಕ ಮಾಡಿಸಿ. 12 ಗ್ರಾಂ ಇದ್ದರೆ ಕಿಲೋವೊಂದಕ್ಕೆ ಸುಮಾರು 416 ರೂಪಾಯಿ ಆಯಿತು. ಬೆಂಬಲ ಬೆಲೆಯ ಲೆಕ್ಕದಲ್ಲಿ ಅದೇ ಹಣಕ್ಕೆ ಎಂಟು ಕಿಲೋ ರಾಗಿ ಬರುತ್ತದೆ.

ಒಂದೇ ಕಂಪನಿ ಎರಡು ಅಳತೆ ಬಳಸಿದ ನಿದರ್ಶನವೂ ಇದೆ. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೊರತಂದ ವರದಿಯಂತೆ, ನೆಸ್ಲೆಯ ಸೆರೆಲ್ಯಾಕ್ ಶಿಶು ಆಹಾರದಲ್ಲಿ ಭಾರತದಲ್ಲಿ ಒಂದು ಸಲದ ಉಣಿಸಿಗೆ ಸರಾಸರಿ 2.7 ಗ್ರಾಂ ಸಕ್ಕರೆ ಬೆರೆಸಲಾಗಿತ್ತು. ಯೂರೋಪಿನಲ್ಲಿ ಮಾರುವ ಅಂತಹುದೇ ಉತ್ಪನ್ನಗಳಲ್ಲಿ ಬೆರೆಸಿದ ಸಕ್ಕರೆ ಇರಲಿಲ್ಲ. ಕಂಪನಿಯು, ಹಿಂದಿನ ಐದು ವರ್ಷಗಳಲ್ಲಿ ಸಕ್ಕರೆಯನ್ನು ಶೇ. 30ರವರೆಗೆ ತಗ್ಗಿಸಿದ್ದೇವೆಂದು ಉತ್ತರಿಸಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಸಂಸ್ಕರಿಸಿದ ಸಕ್ಕರೆಯಿಲ್ಲದ ಸೆರೆಲ್ಯಾಕ್ ಭಾರತಕ್ಕೂ ಬಂತು. ಸಕ್ಕರೆಯಿಲ್ಲದೆ ಮಾಡುವ ವಿದ್ಯೆ ಅವರಿಗೆ ಮೊದಲೇ ಗೊತ್ತಿತ್ತು. ಇಲ್ಲಿ ಅದನ್ನು ಬಳಸುವ ಒತ್ತಡ ಆಮೇಲೆ ಬಂದಿತು.

ಬೋರ್ನ್‌ವಿಟಾದ ಪ್ರಕರಣ ಇನ್ನೂ ಸ್ಪಷ್ಟ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಅದರ ಸಕ್ಕರೆಯನ್ನು ಕುರಿತು ಚಿಕ್ಕ ವಿಡಿಯೊ ಮಾಡಿದಾಗ ಕಂಪನಿ ಕಾನೂನು ನೋಟಿಸು ಕಳುಹಿಸಿತು. ಅವರು ವಿಡಿಯೊ ತೆಗೆದುಹಾಕಿದರು. ಆದರೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ವಿವರಣೆ ಕೇಳಿತು. ವರ್ಷಾಂತ್ಯದೊಳಗೆ ಬೆರೆಸಿದ ಸಕ್ಕರೆಯನ್ನು ಸುಮಾರು ಶೇ. 14ರಷ್ಟು ತಗ್ಗಿಸಲಾಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂತಹ ಪಾನೀಯಗಳನ್ನು ‘ಆರೋಗ್ಯ ಪಾನೀಯ’ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅದೇ ತಿಂಗಳು ಹಾರ್ಲಿಕ್ಸ್ ಕೂಡ ‘ಆರೋಗ್ಯ’ ಎಂಬ ಮಾತನ್ನು ತನ್ನ ವಿಭಾಗದ ಹೆಸರಿನಿಂದ ಕೈಬಿಟ್ಟಿತು. ದಶಕಗಳ ಕಾಲ ನಮ್ಮ ತಾಯಂದಿರು ಹಾಲಿಗೆ ಬೆರೆಸಿಕೊಟ್ಟ ‘ಆರೋಗ್ಯ’ವು ಕಾನೂನಿನ ಕಣ್ಣಿನಲ್ಲಿ ಅಂತಹ ವಿಭಾಗವೇ ಇಲ್ಲದ ಬರಿಯ ಹೆಸರಾಗಿತ್ತು.

ಹೊಗಳಿಕೆ ನಮ್ಮ ಭಾಷೆಯಲ್ಲಿ, ಎಚ್ಚರಿಕೆ ಇಂಗ್ಲಿಷಿನಲ್ಲಿ

ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ವಿಷಯದಲ್ಲಿ ಇನ್ನೊಂದು ತೊಡಕಿದೆ. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿ ನಮ್ಮ ಬೆಟ್ಟಗಳು ಇಲ್ಲಿಯೇ ಉಳಿದಂದಿನಿಂದ ಕಚೇರಿಯ ಅರ್ಜಿಯಿಂದ ಬಸ್ಸಿನ ಫಲಕದವರೆಗೆ ಓದಿನ ತೊಡಕನ್ನು ನಾವು ಬಲ್ಲೆವು. ಆಹಾರದ ಪೊಟ್ಟಣದಲ್ಲಿ ಅದು ಇನ್ನೂ ಸೂಕ್ಷ್ಮವಾಗಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಹೀಗಾಗಿ ಟಿವಿಯಲ್ಲಿ ಬರುವ ಜಾಹೀರಾತು ಸೊಗಸಾದ ಕನ್ನಡದಲ್ಲಿದೆ, ಪೊಟ್ಟಣದ ಮುಖದ ಮೇಲಿನ ಹೊಗಳಿಕೆ ಕೆಲವೊಮ್ಮೆ ತಮಿಳಿನಲ್ಲೂ ಇದೆ. ಸಕ್ಕರೆ ಎಷ್ಟು, ಉಪ್ಪು ಎಷ್ಟು, ಕೊಬ್ಬು ಎಷ್ಟು ಎಂಬುದು ಮಾತ್ರ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಹೊಲದಲ್ಲಿ ದುಡಿಯುತ್ತಿರುವ ತಾಯಿ ಅದನ್ನು ಹೇಗೆ ಓದಬೇಕು?

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಎಂಬುದು ನಮ್ಮ ಒಂದನೇ ತರಗತಿಯ ಮಗುವಿಗೂ ಗೊತ್ತು. ಅದನ್ನು ತಿಳಿಯಲು ಯಾವ ಭಾಷೆಯೂ ಬೇಡ. ಚಿಲಿ ದೇಶವು 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿಮೀರಿದ ಪೊಟ್ಟಣಗಳ ಮುಖದ ಮೇಲೆ ಕಪ್ಪು ಅಷ್ಟಭುಜದ ಎಚ್ಚರಿಕೆ ಚಿಹ್ನೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಪೊಟ್ಟಣದ ಮುಂಬದಿಯ ಚಿಹ್ನೆಯ ಮಾತು 2014ರ ತಜ್ಞರ ವರದಿಯ ಕಾಲದಿಂದಲೂ ನಡೆದಿದೆ. 2022ರಲ್ಲಿ ಪ್ರಾಧಿಕಾರವು ಎಚ್ಚರಿಕೆಯ ಬದಲು ನಕ್ಷತ್ರಗಳ ಅಂಕ ಕೊಡುವ ಕರಡನ್ನು ಪ್ರಕಟಿಸಿತು. ನಕ್ಷತ್ರ ಎಂದರೆ ನಮ್ಮ ಮಕ್ಕಳಿಗೆ ಬಹುಮಾನದ ಗುರುತು. ಒಂದೂವರೆ ನಕ್ಷತ್ರ ಪಡೆದ ಚಿಪ್ಸು ಕೂಡ ಏನೋ ಗಳಿಸಿದಂತೆ ಕಾಣುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ತಜ್ಞರ ಸಮಿತಿಯ ಶಿಫಾರಸು ಸಿದ್ಧವಾಗಬೇಕೆಂದಿತು. ಜುಲೈಯಲ್ಲಿ ಮತ್ತೆ ಮೂರು ತಿಂಗಳ ಕಾಲಾವಕಾಶ ನೀಡಬೇಕಾಯಿತು.

ಇದನ್ನು ಇನ್ನೊಂದು ಸಂಗತಿಯ ಪಕ್ಕದಲ್ಲಿಟ್ಟು ನೋಡಬೇಕು. 2024ರ ಫೆಬ್ರವರಿಯಲ್ಲಿ ತಮಿಳುನಾಡು ಬಣ್ಣದ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಮಾರ್ಚಿನಲ್ಲಿ ಕರ್ನಾಟಕವು ಅದಕ್ಕೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ವಿಷಕಾರಿ ಬಣ್ಣವನ್ನು ತಡೆದದ್ದು ಸರಿಯೇ. ಆದರೆ ತಳ್ಳುಗಾಡಿಯ ಬಡ ವ್ಯಾಪಾರಿಯ ವಿಷಯದಲ್ಲಿ ಕೆಲವೇ ವಾರಗಳಲ್ಲಿ ಮುಗಿಯುವ ತೀರ್ಮಾನವು ದೊಡ್ಡ ಕಂಪನಿಗಳ ಪೊಟ್ಟಣದ ವಿಷಯದಲ್ಲಿ ದಶಕ ದಾಟುತ್ತದೆ.

ಕಾನೂನು ಬದಲಾದರೆ ಲೆಕ್ಕವೂ ಬದಲಾಗುತ್ತದೆ

ಕಂಪನಿಗಳನ್ನು ಬೈದು ಪ್ರಯೋಜನವಿಲ್ಲ. ಷೇರುದಾರರಿಗೆ ಲಾಭ ತರುವುದು ಅವುಗಳ ಧರ್ಮ. ಉಪ್ಪು ಸಕ್ಕರೆ ಒಂದಿಷ್ಟು ಕಡಿಮೆಯಾದರೂ ಅದು ಒಳ್ಳೆಯದೇ. ಸುಧಾರಣೆಯು ಲಾಭವಿರುವ ಕಡೆಗೆ ಮಾತ್ರ ಹರಿಯುತ್ತದೆ ಎಂಬುದನ್ನು ಅರಿತರೆ, ಕಾಲುವೆಯನ್ನು ಯಾವ ಕಡೆಗೆ ತೋಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಬ್ರಿಟನ್ನಿನ ಉದಾಹರಣೆ ಇದಕ್ಕೆ ಸಾಕ್ಷಿ. ಅಲ್ಲಿ 100 ಮಿಲಿಲೀಟರಿಗೆ 5 ಗ್ರಾಂ ಮತ್ತು ಅದಕ್ಕೂ ಹೆಚ್ಚು ಸಕ್ಕರೆಯಿದ್ದರೆ ಒಂದು ದರ, 8 ಗ್ರಾಂ ಮತ್ತು ಅದಕ್ಕೂ ಹೆಚ್ಚಾದರೆ ಇನ್ನೂ ಹೆಚ್ಚಿನ ದರ ಎಂದು ತಂಪುಪಾನೀಯದ ಮೇಲೆ ತೆರಿಗೆ ಹಾಕುವುದಾಗಿ 2016ರಲ್ಲಿ ಘೋಷಿಸಿದರು. ಜಾರಿಯಾದದ್ದು 2018ರ ಏಪ್ರಿಲ್‌ನಲ್ಲಿ. ನಡುವಿನ ಎರಡು ವರ್ಷಗಳಲ್ಲಿಯೇ ಅನೇಕ ಕಂಪನಿಗಳು ತಮ್ಮ ಪಾನೀಯಗಳ ಸಕ್ಕರೆಯನ್ನು ಮಿತಿಗಿಂತ ಕೆಳಗಿಳಿಸಿದವು. ಅಲ್ಲಿ ‘ಆರೋಗ್ಯ’ವು ಹೆಚ್ಚು ಹಣ ಕೊಟ್ಟವನಿಗೆ ಮೀಸಲಾದ ಪ್ರತ್ಯೇಕ ಬಾಟಲಿಯಾಗಲಿಲ್ಲ, ಎಲ್ಲರೂ ಕುಡಿಯುವ ಬಾಟಲಿಯೇ ಬದಲಾಯಿತು.

ನಮ್ಮ ದೇಶದಲ್ಲಿ ಸೂಚನೆಗಳು ಬೆರಕೆಯಾಗಿವೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ, ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4 ಅನಾರೋಗ್ಯಕರ ಆಹಾರಕ್ರಮದಿಂದ ಬಂದದ್ದೆಂದು ಅಂದಾಜಿಸಿತು. 2025ರ ಜನವರಿಯ ಆರ್ಥಿಕ ಸಮೀಕ್ಷೆಯು ಅತಿಸಂಸ್ಕರಿತ ಆಹಾರಗಳಿಗೆ ಸ್ಪಷ್ಟ ಚಿಹ್ನೆಯೂ ಹೆಚ್ಚಿನ ತೆರಿಗೆಯೂ ಬೇಕೆಂದು ಸಲಹೆ ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಬಂದ ಹೊಸ ಜಿಎಸ್‌ಟಿ ದರಗಳಲ್ಲಿ ಸಕ್ಕರೆಯ ಸೋಡಾ ಪಾನೀಯಗಳು ಶೇ. 40ರ ಪಟ್ಟಿಗೆ ಏರಿದವು. ಬಿಸ್ಕತ್ತು, ನೂಡಲ್ಸ್, ಚಾಕೊಲೇಟು, ಕುರುಕಲು ತಿಂಡಿಗಳು ಶೇ. 5ಕ್ಕೆ ಇಳಿದವು. ಪೋಷಕರ ಜೇಬಿಗೆ ಇದು ಹಿತವೆನಿಸಬಹುದು. ಆದರೆ ಸಕ್ಕರೆ, ಉಪ್ಪನ್ನು ಅಳೆಯದೆ ಎಲ್ಲಕ್ಕೂ ಒಂದೇ ದರ ಇಟ್ಟಾಗ, ಸುಧಾರಿಸಿಕೊಂಡವನಿಗೂ ಸುಧಾರಿಸದವನಿಗೂ ವ್ಯತ್ಯಾಸ ಉಳಿಯುವುದಿಲ್ಲ.

ನಮ್ಮ ಕೈಯಲ್ಲಿ ಇರುವುದು

ದೆಹಲಿಯ ತೀರ್ಮಾನಕ್ಕಾಗಿ ಕಾಯುತ್ತಾ ಕೂರಬೇಕಿಲ್ಲ. ಈಗಾಗಲೇ ಜಾರಿಯಲ್ಲಿರುವ ಮೂರು ಅವಕಾಶಗಳನ್ನು ತಾಳವಾಡಿಯ ಕನ್ನಡ ಮಾಧ್ಯಮ ಶಾಲೆಗಳ ಪೋಷಕರು ಕೈಗೆತ್ತಿಕೊಳ್ಳಬಹುದು.

ಒಂದು, ಶಾಲಾ ಮಕ್ಕಳ ಸುರಕ್ಷಿತ ಆಹಾರದ ನಿಯಮಗಳು. 2020ರಲ್ಲಿ ಪ್ರಕಟವಾಗಿ 2021ರ ಜುಲೈ 1ರಿಂದ ಜಾರಿಗೆ ಬಂದ ಈ ನಿಯಮಗಳಂತೆ ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾದ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ಶಾಲಾ ನಿರ್ವಹಣಾ ಸಮಿತಿಯ ಸಭೆಯಲ್ಲಿ ಇದನ್ನು ಓದಿ ಹೇಳಬೇಕು. ಅಂಗಡಿಯವರು ನಮ್ಮ ನೆಂಟರೇ, ನೆರೆಯವರೇ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ಉದ್ದೇಶವಲ್ಲ. ಕಡಲೆಮಿಠಾಯಿ, ಹುರಿಗಡಲೆ, ಬಾಳೆಹಣ್ಣು, ಬೇಯಿಸಿದ ಅವರೆ ಅಥವಾ ಜೋಳದ ತೆನೆ ಮಾರಿದರೂ ವ್ಯಾಪಾರ ನಡೆಯುತ್ತದೆ ಎಂಬುದನ್ನು ಕುಳಿತು ಮಾತನಾಡಿ ಒಪ್ಪಿಸಬೇಕು.

ಎರಡು, ಬೆಳಗಿನ ಉಪಾಹಾರ. ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರ್ 15ರಂದು ಆರಂಭಿಸಿ 2023ರ ಆಗಸ್ಟ್ 25ರಿಂದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿದ ಈ ಯೋಜನೆ ನಮ್ಮ ಮಕ್ಕಳಿಗೆ ದೊಡ್ಡ ಆಸರೆ. ವಾರದಲ್ಲಿ ಎರಡು ದಿನವಾದರೂ ಸ್ಥಳೀಯ ಸಿರಿಧಾನ್ಯದ ತಿಂಡಿ ಕೊಡಬಹುದೆಂಬ ಅವಕಾಶ ಅದರ ಆದೇಶದಲ್ಲಿಯೇ ಇದೆ. ಅಡುಗೆ ಮಾಡುವವರು ನಮ್ಮ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ರಾಗಿ ಬೇಯಿಸುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಶಾಲಾ ಮಕ್ಕಳಿಗೆ ವಾರದಲ್ಲಿ ಮೂರು ದಿನ ಹಾಲಿನೊಂದಿಗೆ ರಾಗಿ ಪುಡಿಯನ್ನು ಬೆರೆಸಿ ಕೊಡುತ್ತಿದ್ದಾರೆ. ತಾಳವಾಡಿಯ ಮಗುವಿಗೂ ಚಾಮರಾಜನಗರದ ಮಗುವಿಗೂ ಮೂಳೆ ಒಂದೇ ಬಗೆಯದು.

ಮೂರು, ನ್ಯಾಯಬೆಲೆ ಅಂಗಡಿ. ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರವು 2023ರ ಮೇ ತಿಂಗಳಿನಲ್ಲಿ ನೀಲಗಿರಿ ಹಾಗೂ ಧರ್ಮಪುರಿ ಜಿಲ್ಲೆಗಳಲ್ಲಿ ಆರಂಭಿಸಿತು. ರಾಗಿ ಬೆಳೆದು ರಾಗಿ ಉಣ್ಣುವ ತಾಳವಾಡಿಯೂ ಅದೇ ಸಾಲಿಗೆ ಸೇರತಕ್ಕದ್ದು. ಸ್ಥಳೀಯ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಇಲ್ಲಿನ ಶಾಲೆಗೂ ರೇಷನ್ನಿಗೂ ಕೊಟ್ಟರೆ, ರೈತನಿಗೆ ನಿಶ್ಚಿತ ಬೆಲೆಯೂ ಮಗುವಿಗೆ ಪೂರ್ಣ ಪ್ರಮಾಣದ ರಾಗಿಯೂ ದೊರೆಯುತ್ತದೆ. ನಡುವೆ ಹೆಸರನ್ನು ಮಾರಿಕೊಳ್ಳುವವರಿಗೆ ಜಾಗವಿರುವುದಿಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳನ್ನು ಠರಾವಾಗಿ ಬರೆಯಿಸಿ, ಪ್ರತಿಯನ್ನು ಕೈಗೆ ಪಡೆದುಕೊಳ್ಳಬೇಕು.

ಪೇಟೆಯ ಮಳಿಗೆಯವರು ರಾಗಿಗೆ ಬೆಲೆಯಿದೆಯೆಂದು ಕಂಡುಕೊಂಡಿದ್ದಾರೆ. ಅದು ನಮಗೆ ಅವಮಾನದ ಸಂಗತಿಯಲ್ಲ, ಎಚ್ಚರದ ಸಂಗತಿ. ನಮ್ಮ ಮಕ್ಕಳು ಹಿಟ್ಟನ್ನು ಹಳ್ಳಿಯವರ ಊಟವೆಂದು ನಾಚಿಕೊಂಡು, ಅದೇ ಧಾನ್ಯದ ಒಂದು ಚಿಟಿಕೆಯನ್ನು ನಾಳೆ ಬಣ್ಣದ ಪೊಟ್ಟಣದಲ್ಲಿ ಹತ್ತು ಪಟ್ಟು ಬೆಲೆಗೆ ಕೊಳ್ಳುವಂತಾಗಬಾರದು. ಮುಂದಿನ ಶಾಲಾ ನಿರ್ವಹಣಾ ಸಮಿತಿಯ ಸಭೆಗೆ ತಾಯಂದಿರು ತಮ್ಮ ಮನೆಗೆ ಬಂದ ಒಂದೊಂದು ಖಾಲಿ ಪೊಟ್ಟಣವನ್ನು ತರಲಿ. ಮೇಲ್ತರಗತಿಯ ಮಕ್ಕಳು ಅದರ ಹಿಂಬದಿಯನ್ನು ಕನ್ನಡದಲ್ಲಿ ಎಲ್ಲರಿಗೂ ಓದಿ ಹೇಳಲಿ.